ಉಲ್ಲೇಖದ ನಿಯಮ ಮತ್ತು ಆಕರದ ವಿಳಾಸ

ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಸಿದ್ಧವಾಗುವ ಕನ್ನಡ ಸಂಶೋಧನ ಪ್ರಬಂಧಗಳು ಎಂ.ಎಲ್.ಎ. ಅಥವಾ ಎ.ಪಿ.ಎ. ಕೈಪಿಡಿಯನ್ನು ಅನುಸರಿಸತೊಡಗಿರುವುದನ್ನು ನಾವು ಸ್ವಾಗತಿಸುತ್ತೇವೆ. ಪ್ರಕಾಶಕರ ಹೆಸರಿಲ್ಲದ, ಮುದ್ರಣದ ವರ್ಷವಿಲ್ಲದ ಗ್ರಂಥಋಣಗಳನ್ನು ಕಂಡು ಬೇಸತ್ತವರಿಗೆ ಈ ಶಿಸ್ತು ಬೇಕಾದುದೇ. ಆದರೆ ವಿದ್ಯಾರ್ಥಿಗಳು ಕೈಪಿಡಿಯ ಮಾದರಿಗಳನ್ನು ನಕಲು ಮಾಡುತ್ತಾರೆಯೇ ಹೊರತು ಅವುಗಳ ಉದ್ದೇಶವನ್ನು ವಿಚಾರಿಸುವುದಿಲ್ಲ.

ಹೆಸರುಗಳ ವಿಷಯ ಸಣ್ಣದು. ಎ.ಪಿ.ಎ. ಕ್ರಮದಲ್ಲಿ ಕೀರ್ತಿನಾಥ ಕುರ್ತಕೋಟಿಯವರು 'ಕುರ್ತಕೋಟಿ, ಕೀ.' ಆಗುತ್ತಾರೆ, ನಗು ಬಂದರೂ ಪುಸ್ತಕ ಸಿಗುತ್ತದೆ. '(ಪಂಪ, 1990, ಪು. 45)' ಎಂಬಂಥ ಉಲ್ಲೇಖದ ಮಾತು ಬೇರೆ. ಹತ್ತನೆಯ ಶತಮಾನದ ಕವಿಗೆ ಮುದ್ರಣದ ವರ್ಷ ಅಂಟಿಕೊಂಡಿದೆ, ಸಂಪಾದಕರು ಮರೆಯಾಗಿದ್ದಾರೆ, ಪುಟಸಂಖ್ಯೆ ಆ ಒಂದು ಮುದ್ರಣಕ್ಕಷ್ಟೇ ಸಲ್ಲುತ್ತದೆ. ಆಶ್ವಾಸ, ಪದ್ಯಸಂಖ್ಯೆಗಳನ್ನು ಕೊಟ್ಟಿದ್ದರೆ ಯಾವ ಆವೃತ್ತಿಯಲ್ಲಾದರೂ ಹುಡುಕಬಹುದಿತ್ತು. ಪ್ರಾಚೀನ ಕೃತಿಗಳನ್ನು ಅಧ್ಯಾಯ, ಪದ್ಯಗಳ ಮೂಲಕ ಸೂಚಿಸಬೇಕೆಂದು ಆ ಕೈಪಿಡಿಗಳೇ ಹೇಳುತ್ತವೆ. ಅಷ್ಟು ಪುಟ ತಿರುವಿದವರು ಕಡಿಮೆ.

ನಿಜವಾದ ಹಾನಿ ಶಾಸನಗಳ ಉಲ್ಲೇಖದಲ್ಲಿದೆ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹಾಸನ ಜಿಲ್ಲೆ 5ನೆಯ ಸಂಪುಟ; ಬೇಲೂರಿನ ಶಾಸನಗಳು ಅಲ್ಲಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು 9ನೆಯ ಸಂಪುಟಕ್ಕೆ ಬಂದಿದೆ. ರೈಸ್ ಅವರ 9ನೆಯದಾದರೋ ಬೆಂಗಳೂರು ಜಿಲ್ಲೆಯದು. ಸಾಲದುದಕ್ಕೆ ರೈಸ್ ಸಂಪುಟಗಳಲ್ಲಿ ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಬೇರೆ ಬೇರೆ ಭಾಗಗಳಾಗಿವೆ. ಹೀಗಿರುವಾಗ ಸಂಪುಟ ಮತ್ತು ಪುಟವನ್ನಷ್ಟೇ ಹೇಳುವ ಉಲ್ಲೇಖ ಮಾದರಿಗೆ ಅಕ್ಷರಶಃ ಹೊಂದಿದರೂ ಓದುಗನನ್ನು ಶಾಸನದ ಬಳಿಗೆ ಒಯ್ಯುವುದಿಲ್ಲ. ತಾಲ್ಲೂಕು, ಶಾಸನಸಂಖ್ಯೆ, ಆವೃತ್ತಿ ಮೂರೂ ಇರಬೇಕು. 'ಎ.ಕ. (ಪರಿಷ್ಕೃತ) 9, ಬೇಲೂರು' ಎಂದು ಬರೆದು ಸಂಖ್ಯೆಯನ್ನು ಸೇರಿಸಲು ಒಂದು ಸಾಲೂ ಬೇಡ.

ಮೈಸೂರಿನಲ್ಲಿರುವ ಸಂಶೋಧಕರು ಎರಡು ಆವೃತ್ತಿಗಳನ್ನೂ ತೆರೆದು ತಾಳೆ ನೋಡಿಯಾರು. ದೆಹಲಿಯಲ್ಲೋ ಪುಣೆಯಲ್ಲೋ ಕುಳಿತು, ದೂರದ ಗ್ರಂಥಾಲಯಕ್ಕೆ ಒಂದು ಪುಟದ ಪ್ರತಿ ಕೇಳಿ ಬರೆಯುವ ನಮಗೆ ಉಲ್ಲೇಖವೊಂದೇ ದಾರಿ. ತಪ್ಪು ಸಂಪುಟದ ಪ್ರತಿ ಬಂದರೆ ತಿಂಗಳ ಕೆಲಸ ನಿಂತಂತೆಯೇ.

ಇನ್ನೊಂದು ಮಾತು. ಎಂ.ಎಲ್.ಎ. 2016ರ ಎಂಟನೆಯ ಆವೃತ್ತಿಯಿಂದಲೂ, ಎ.ಪಿ.ಎ. 2019ರ ಏಳನೆಯ ಆವೃತ್ತಿಯಿಂದಲೂ ಪ್ರಕಟಣೆಯ ಸ್ಥಳವನ್ನು ಸಾಮಾನ್ಯವಾಗಿ ಕೈಬಿಟ್ಟಿವೆ. ದೊಡ್ಡ ಪ್ರಕಾಶನ ಸಂಸ್ಥೆಗಳ ಲೋಕಕ್ಕೆ ಅದು ಹೊಂದೀತು. ಲೇಖಕರೇ ಪ್ರಕಟಿಸಿದ, ಎಂದೋ ಮುಚ್ಚಿಹೋದ ಗ್ರಂಥಮಾಲೆಗಳಿಂದ ಬಂದ ಕನ್ನಡ ಪುಸ್ತಕವನ್ನು ಎಲ್ಲಿ ವಿಚಾರಿಸಬೇಕೆಂಬುದಕ್ಕೆ ಊರಿನ ಹೆಸರೇ ಸುಳಿವು. ನಮ್ಮ ವಿದ್ಯಾರ್ಥಿಗಳ ಗ್ರಂಥಋಣಗಳಲ್ಲಿ ಧಾರವಾಡ, ಮಂಗಳೂರು, ಗದಗಗಳನ್ನು ನಾವು ಉಳಿಸಿಕೊಂಡಿದ್ದೇವೆ. ಪರೀಕ್ಷಕರೊಬ್ಬರು ಅದನ್ನು ದೋಷವೆಂದು ಕೆಂಪು ಶಾಯಿಯಲ್ಲಿ ಗುರುತಿಸಿದ್ದೂ ಉಂಟು.