ಡಿ-ಡೈಮರ್: ಒಂದು ಸಂಖ್ಯೆಗೆ ಸಂದ ಅತಿಮಹತ್ವ

2020-21ರ ಕೋವಿಡ್ ದಿನಗಳಲ್ಲಿ ‘ಡಿ-ಡೈಮರ್’ ಎಂಬ ಪದ ಮನೆಮಾತಾಯಿತು. ವರದಿಯಲ್ಲಿ ಅಂಕಿ ಏರಿದ್ದರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದೇ ಅನೇಕರು ಭಾವಿಸಿದರು. ಈ ತೀರ್ಮಾನ ಎಷ್ಟು ಸರಿ? ಪರಿಶೀಲಿಸೋಣ.

ಮೊದಲು ಪರೀಕ್ಷೆ ಅಳೆಯುವುದೇನನ್ನು ಎಂದು ನೋಡಿ. ರಕ್ತ ಹೆಪ್ಪುಗಟ್ಟಿದಾಗ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆಯುತ್ತವೆ. ಪ್ಲಾಸ್ಮಿನ್ ಎಂಬ ಕಿಣ್ವ ಆ ಬಲೆಯನ್ನು ಕತ್ತರಿಸಿದಾಗ ಉಳಿಯುವ ತುಣುಕೇ ಡಿ-ಡೈಮರ್. ಅಂದರೆ, ದೇಹದಲ್ಲಿ ಎಲ್ಲೋ ಹೆಪ್ಪು ಕರಗುತ್ತಿದೆ ಎಂದಷ್ಟೇ ಅದು ಹೇಳುತ್ತದೆ. ಎಲ್ಲಿ ಎಂದು ಹೇಳುವುದಿಲ್ಲ. ಗರ್ಭಿಣಿಯರಲ್ಲಿ, ವೃದ್ಧರಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ ಅದು ಏರಿರುತ್ತದೆ. ವೈರಸ್ ನ್ಯುಮೋನಿಯದ ಉರಿಯೂತವೂ ಅದನ್ನು ಏರಿಸುತ್ತದೆ.

ಒಂದು ಲೆಕ್ಕ ಮಾಡೋಣ. ಇಲ್ಲಿಯ ಅಂಕಿಗಳು ಕೇವಲ ಉದಾಹರಣೆಗೆ. ನ್ಯುಮೋನಿಯದಿಂದ ಆಸ್ಪತ್ರೆ ಸೇರಿದ 100 ರೋಗಿಗಳಲ್ಲಿ 15 ಮಂದಿಗೆ ಶ್ವಾಸಕೋಶದಲ್ಲಿ ಹೆಪ್ಪು ಇದೆ ಎನ್ನಿ. ಪರೀಕ್ಷೆ ಅವರಲ್ಲಿ 14 ಮಂದಿಯನ್ನು ಗುರುತಿಸುತ್ತದೆ. ಹೆಪ್ಪಿಲ್ಲದ 85 ಮಂದಿಯಲ್ಲಿಯೂ ಉರಿಯೂತದ ದೆಸೆಯಿಂದ 60 ಮಂದಿಯ ಅಂಕಿ ಏರಿದೆ. ಏರಿದವರು ಒಟ್ಟು 74. ನಿಜಕ್ಕೂ ಹೆಪ್ಪಿರುವವರು 14, ಅಂದರೆ ಶೇಕಡ 19. ಪರೀಕ್ಷೆಗೆ ಮುನ್ನ ಶೇಕಡ 15 ಇದ್ದ ಸಂಭವ ಕೇವಲ 19ಕ್ಕೆ ಏರಿತು! ಅಂಕಿ ಏರದ 26 ಮಂದಿಯಲ್ಲಾದರೋ ಹೆಪ್ಪಿರುವುದು ಒಬ್ಬರಿಗೆ ಮಾತ್ರ. ಹಾಗಾಗಿ ಈ ಪರೀಕ್ಷೆಯ ನಿಜವಾದ ಶಕ್ತಿ ‘ಇಲ್ಲ’ ಎನ್ನುವುದರಲ್ಲಿದೆ, ‘ಇದೆ’ ಎನ್ನುವುದರಲ್ಲಿ ಅಲ್ಲ. ಮಿತಿಯನ್ನು ಹೆಚ್ಚಿಸಿದರೆ ಸುಳ್ಳು ಎಚ್ಚರಿಕೆಗಳು ಕಡಿಮೆಯಾಗುತ್ತವೆ, ಆದರೆ ಕೈತಪ್ಪುವ ರೋಗಿಗಳು ಹೆಚ್ಚುತ್ತಾರೆ.

ಏಕಮಾನದ ಗೊಂದಲವೂ ಇದೆ. ಸಾಮಾನ್ಯ ಮಿತಿಯಾದ ಮಿಲಿಲೀಟರಿಗೆ 500 ನ್ಯಾನೋಗ್ರಾಂ ಎಂಬುದು ಫೈಬ್ರಿನೋಜನ್ ಸಮಾನ ಏಕಮಾನದಲ್ಲಿ ಹೇಳಿದ್ದು. ಡಿ-ಡೈಮರ್ ಏಕಮಾನದಲ್ಲಿ ಅದು ಸುಮಾರು 250. ಇದನ್ನು ಗಮನಿಸದೆ ಎರಡು ಪ್ರಯೋಗಾಲಯಗಳ ವರದಿಗಳನ್ನು ಹೋಲಿಸಿದರೆ ಇಲ್ಲದ ಏರಿಕೆ ಕಂಡೀತು.

ವೆಲ್ಸ್ ಅಂಕಪಟ್ಟಿಯೂ ಇಲ್ಲಿ ಸೊರಗುತ್ತದೆ. ನಾಡಿ 100ನ್ನು ಮೀರಿದರೆ ಅದರಲ್ಲಿ 1.5 ಅಂಕ, ಆದರೆ ಜ್ವರವೇ ನಾಡಿಯನ್ನು ಏರಿಸಿರುತ್ತದೆ. ‘ಬೇರೆ ರೋಗಕ್ಕಿಂತ ಹೆಪ್ಪೇ ಹೆಚ್ಚು ಸಂಭವನೀಯ’ ಎಂದರೆ 3 ಅಂಕ. ಆದರೆ ಉಸಿರಾಟದ ಕಷ್ಟಕ್ಕೆ ನ್ಯುಮೋನಿಯವೇ ಕಾರಣವಾಗಿ ಎದುರಿಗಿದೆ. ಕಾಲಿನ ಸಿರೆಗಳ ಅಲ್ಟ್ರಾಸೌಂಡಿನಲ್ಲಿ ಏನೂ ಕಾಣದಿದ್ದರೂ ನಿಶ್ಚಿಂತರಾಗುವಂತಿಲ್ಲ. ಏಕೆಂದರೆ ಉರಿಯೂತಕ್ಕೆ ಸಿಕ್ಕ ಶ್ವಾಸಕೋಶದ ರಕ್ತನಾಳಗಳಲ್ಲಿಯೇ ಹೆಪ್ಪು ಹುಟ್ಟಬಲ್ಲದು.

ಖಚಿತಪಡಿಸಲು ಬೇಕಾದುದು ಅಯೋಡಿನ್‌ಯುಕ್ತ ದ್ರವವನ್ನು ರಕ್ತನಾಳಕ್ಕೆ ಹಾಯಿಸಿ ತೆಗೆಯುವ ಸಿ.ಟಿ. ಆಂಜಿಯೋಗ್ರಾಂ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ರೋಗಿಯನ್ನು ಇದಕ್ಕಾಗಿ ದಾವಣಗೆರೆಗೆ ಒಯ್ಯಬೇಕಾದಾಗ ಪ್ರಶ್ನೆ ಗಂಭೀರವಾಗುತ್ತದೆ. ಆಮ್ಲಜನಕದ ಮೇಲಿರುವವರಿಗೆ ಪ್ರಯಾಣವೇ ಅಪಾಯ; ಹೋಗದೆ ಹೆಪ್ಪನ್ನು ಕಾಣದಿದ್ದರೆ ಅದೂ ಅಪಾಯ. ಬರಿಯ ಅಂಕಿ ನೋಡಿ ಹೆಪರಿನ್ನಿನ ಪ್ರಮಾಣ ಹೆಚ್ಚಿಸಿದರೆ ರಕ್ತಸ್ರಾವದ ಭಯ. 2021ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಕೋವಿಡ್ ಪ್ರಯೋಗಗಳಲ್ಲಿ ಪೂರ್ಣ ಪ್ರಮಾಣದ ಹೆಪರಿನ್ ಮಧ್ಯಮ ಸ್ಥಿತಿಯ ರೋಗಿಗಳಿಗೆ ನೆರವಾಯಿತು, ತೀವ್ರ ಸ್ಥಿತಿಯವರಿಗೆ ಆಗಲಿಲ್ಲ. ಮಧ್ಯಮ ಸ್ಥಿತಿಯವರಲ್ಲಿ ಡಿ-ಡೈಮರ್ ಹೆಚ್ಚಿದ್ದರೂ ಕಡಿಮೆಯಿದ್ದರೂ ಆ ಲಾಭ ಕಂಡುಬಂದಿತ್ತು ಎಂಬುದು ಗಮನಾರ್ಹ.

ಹಾಗಾದರೆ ವೈದ್ಯರು ಏನನ್ನು ನೋಡಬೇಕು? ಬದಲಾವಣೆಯನ್ನು. ಎಕ್ಸ್-ರೇಯಲ್ಲಿ ನ್ಯುಮೋನಿಯ ಹೆಚ್ಚದೆ ಆಮ್ಲಜನಕದ ಬೇಡಿಕೆ ಥಟ್ಟನೆ ಏರಿತೆ? ರಕ್ತದೊತ್ತಡ ಕುಸಿಯಿತೆ? ಒಂದು ಕಾಲು ಮಾತ್ರ ಊದಿದೆಯೆ? ಹಾಸಿಗೆಯ ಬಳಿಯೇ ಮಾಡಬಹುದಾದ ಎಕೋದಲ್ಲಿ ಹೃದಯದ ಬಲ ಹೃತ್ಕುಕ್ಷಿ ಹಿಗ್ಗಿದೆಯೆ? ಇಂಥ ಸುಳಿವುಗಳಿದ್ದರೆ ಸಾಗಿಸುವ ಅಪಾಯವನ್ನು ಎದುರಿಸುವುದಕ್ಕೆ ಅರ್ಥವಿದೆ.

ಶಿಕ್ಷಕರೇ, ಮೇಲಿನ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿ. 15ರ ಬದಲು 5 ಅಥವಾ 40 ಎಂದಿಟ್ಟು ನೋಡಲು ವಿದ್ಯಾರ್ಥಿಗಳಿಗೆ ಹೇಳಿ. ಪರೀಕ್ಷೆ ಅದೇ ಇದ್ದರೂ ಅದರ ಫಲಿತಾಂಶದ ಅರ್ಥ ಬದಲಾಗುವುದು ಅವರಿಗೇ ತಿಳಿಯುತ್ತದೆ.