ಪಂಕ್ತಿಭೇದವೂ ಮಂಟೇಸ್ವಾಮಿಯ ಕಾವ್ಯವೂ

ಮಂಡ್ಯದ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಮಂಟೇಸ್ವಾಮಿಯ ಕಾವ್ಯವು ಕನ್ನಡ ವಿದ್ವಾಂಸರಿಗೆ ಅಪರಿಚಿತವಾದುದೇನೂ ಅಲ್ಲ. ಅದರ ಪಾಠಗಳು ಅಚ್ಚಾಗಿವೆ. ಅದನ್ನು ಕುರಿತು ಪ್ರಬಂಧಗಳು ರಚಿತವಾಗಿವೆ. ವಿಶ್ವವಿದ್ಯಾಲಯಗಳಲ್ಲಿ ಅದರ ಪ್ರವಚನಗಳೂ ನಡೆದಿವೆ. ಆದರೂ ಈ ಕಾವ್ಯವನ್ನು ಭಕ್ತಿಯ ದೃಷ್ಟಿಯಿಂದಲೋ ಜಾನಪದದ ದೃಷ್ಟಿಯಿಂದಲೋ ನೋಡಿದಷ್ಟು ಅದರ ವಸ್ತುವಿನ ದೃಷ್ಟಿಯಿಂದ ನೋಡಿರುವುದು ಕಡಮೆ. ವಸ್ತುವಾದರೋ ಒಂದೇ: ಒಬ್ಬನನ್ನು ಹೊರಗಿಟ್ಟು ಮುಚ್ಚಿದ ಬಾಗಿಲು ಯಾವುದರಿಂದ ತೆರೆಯುತ್ತದೆ, ದಾನದಿಂದಲೋ, ಆಜ್ಞೆಯಿಂದಲೋ, ಕೂಡಿ ಮಾಡುವ ಕೆಲಸದಿಂದಲೋ ಎಂಬುದು. ಶಾಲೆಗಳಲ್ಲಿಯೂ ಉದ್ಯೋಗಸ್ಥಾನಗಳಲ್ಲಿಯೂ ಜಾತಿಯ ಅಡ್ಡಗೋಡೆಯನ್ನು ತೆಗೆಯುವುದಕ್ಕಾಗಿ ಸರ್ಕಾರದ ಬೊಕ್ಕಸದಿಂದ ನೂರು ವರ್ಷಕ್ಕೂ ಮೇಲ್ಪಟ್ಟು ಹಣ ವೆಚ್ಚವಾಗುತ್ತ ಬಂದಿರುವ ನಾಡಿನಲ್ಲಿ ಇದು ಬರಿಯ ಸಾಹಿತ್ಯಪ್ರಶ್ನೆಯಾಗಿ ಉಳಿಯಲಾರದು.

ಕಾವ್ಯದ ಭೂಗೋಲವನ್ನು ಮೊದಲು ನೆನೆಯಬೇಕು. ಕಥೆ ಕಲ್ಯಾಣದಲ್ಲಿ ಮೊದಲಾದರೂ ಅದರ ಜೀವಸ್ಥಾನಗಳು 1939ರಲ್ಲಿ ರೂಪುಗೊಂಡ ಮಂಡ್ಯ ಜಿಲ್ಲೆಯೊಳಗಿವೆ. ಸಿದ್ದಪ್ಪಾಜಿಯಾಗಿ ಪ್ರಸಿದ್ಧನಾದ ಕೆಂಪಾಚಾರಿ ಹುಟ್ಟಿದ ಪಾಂಚಾಳರ ಮನೆ ಮದ್ದೂರು ಸೀಮೆಯ ನಿಡಘಟ್ಟದಲ್ಲಿ. ಅವನನ್ನು ಒರೆಗೆ ಹಚ್ಚಿದ ಕಮ್ಮಾರರ ಊರು ಮಳವಳ್ಳಿ ಸೀಮೆಯ ಹಲಗೂರು. ಮಂಟೇಸ್ವಾಮಿಯ ಗದ್ದುಗೆಯಿರುವ ಬೊಪ್ಪೇಗೌಡನಪುರವೂ ಅದೇ ಸೀಮೆಯದು. ಪುರಾಣಗಳಲ್ಲಿ ಬರುವ ಊರುಗಳಂತೆ ಇವು ಹೆಸರಿಗೆ ಮಾತ್ರ ಇರುವ ಊರುಗಳಲ್ಲ. ಕೇಳುವವನು ಸಂತೆಗೆ ಹೋಗಿಬರುವ ಊರುಗಳು. ಪಂಪನು ಬನವಾಸಿಯನ್ನು ಕಾವ್ಯದೊಳಕ್ಕೆ ತಂದುದನ್ನು ಕೊಂಡಾಡುವ ವಿಮರ್ಶೆ ಇದನ್ನೂ ಗಮನಿಸಬೇಕಾಗಿತ್ತು.

ಕಲ್ಯಾಣದ ಭಾಗವನ್ನು ಪರಿಶೀಲಿಸೋಣ. ಬಸವಣ್ಣನ ಮಹಾಮನೆಯಲ್ಲಿ ಲಕ್ಷದ ತೊಂಬತ್ತಾರುಸಾವಿರ ಜಂಗಮರಿಗೆ ನಿತ್ಯವೂ ದಾಸೋಹ. ಅಲ್ಲಿಗೆ ಮಂಟೇಸ್ವಾಮಿಯು ಯಾರೂ ಹತ್ತಿರ ಸೇರಿಸದ ಹೀನವೇಷವನ್ನು ತಾಳಿ ಬರುತ್ತಾನೆ. ಬಾಗಿಲು ಕಾಯುವವರು ಅವನನ್ನು ಒಳಗೆ ಬಿಡುವುದಿಲ್ಲ. ಕಡೆಗೆ ಬಸವಣ್ಣನೂ ನೀಲಮ್ಮನೂ ತಾವೇ ಹೊರಟು ಅವನನ್ನು ಅರಸಬೇಕಾಗುತ್ತದೆ. ಗಾಯಕರಿಂದ ಗಾಯಕರಿಗೆ ವಿವರಗಳು ಬೇರೆಯಾದರೂ ಈ ಸಂದರ್ಭದ ಹುರುಳು ಬೇರೆಯಾಗುವುದಿಲ್ಲ. ಇಲ್ಲಿ ಕವಿಯ ಧ್ವನಿ ಅತಿಸೂಕ್ಷ್ಮವಾದುದು. ಕಲ್ಯಾಣದಲ್ಲಿ ವೆಚ್ಚಕ್ಕೆ ಕೊರತೆಯಿಲ್ಲ. ಉಂಡವರ ಲೆಕ್ಕ ಒಬ್ಬರೂ ತಪ್ಪದಂತೆ ಇದೆ. ಬಸವಣ್ಣನ ಮನಸ್ಸಿನಲ್ಲಿ ಭೇದವೂ ಇಲ್ಲ. ಆದರೆ ಬಾಗಿಲಲ್ಲಿ ನಿಂತವನು ಬಸವಣ್ಣನಲ್ಲ, ಕಾವಲುಗಾರ. ಧರ್ಮವು ಒಡೆಯನ ಮನಸ್ಸಿನಲ್ಲಿದ್ದು ಅಧಿಕಾರವು ಕಾವಲುಗಾರನ ಕೈಯಲ್ಲಿದ್ದರೆ ಹೊರಗಿನವನಿಗೆ ದೊರೆಯುವುದು ಎರಡನೆಯದೇ. ಲಕ್ಷದ ತೊಂಬತ್ತಾರುಸಾವಿರವೆಂಬ ಸಂಖ್ಯೆಯನ್ನು ಗಾಯಕನು ಮತ್ತೆ ಮತ್ತೆ ಹೇಳುವುದನ್ನು ಕೆಲವರು ಬರಿಯ ಪುನರುಕ್ತಿಯೆಂದು ಎಣಿಸುವುದುಂಟು. ಹೊರಗೆ ಬಿದ್ದಿರುವ ಒಬ್ಬನ ಮುಂದೆ ಆ ಸಂಖ್ಯೆ ಸಲಸಲಕ್ಕೂ ಹೆಚ್ಚು ಪೊಳ್ಳಾಗುತ್ತ ಹೋಗುವುದನ್ನು ಕೇಳಿದವರು ಅದನ್ನು ದೋಷವೆನ್ನಲಾರರು.

ಈ ಮಾತಿಗೆ ಲೋಕದಲ್ಲಿ ನಿದರ್ಶನ ಬೇಕಾದರೆ ದೂರ ಹೋಗಬೇಕಾಗಿಲ್ಲ. ಪರಿಶಿಷ್ಟ ಜಾತಿ ಪಂಗಡಗಳ ಜನಸಂಖ್ಯೆಗೆ ತಕ್ಕ ಪಾಲನ್ನು ಆಯವ್ಯಯದಲ್ಲಿ ತೆಗೆದಿರಿಸಬೇಕೆಂದು ಕರ್ಣಾಟಕದಲ್ಲಿ 2013ರಲ್ಲಿ ಒಂದು ಅಧಿನಿಯಮವಾಯಿತು. ರಸ್ತೆ ಮೊದಲಾದ ಸರ್ವಸಾಮಾನ್ಯ ಕಾಮಗಾರಿಗಳಿಗೆ ಆದ ವೆಚ್ಚದ ಒಂದಂಶವನ್ನು ಪರಿಶಿಷ್ಟರಿಗಾಗಿಯೇ ಆದ ವೆಚ್ಚವೆಂದು ಭಾವಿಸಲು ಅದರ 7ನೆಯ ಪ್ರಕರಣದ ‘ಡಿ’ ಖಂಡವು ಅವಕಾಶ ಕೊಟ್ಟಿದ್ದಿತು. ಬಹುಕಾಲದ ಆಕ್ಷೇಪದ ಮೇಲೆ 2023ರಲ್ಲಿ ಆ ಖಂಡವನ್ನು ತೆಗೆದುಹಾಕಿದರು. ಹತ್ತು ವರ್ಷ ಲೆಕ್ಕದಲ್ಲಿ ಉಂಡವರಿದ್ದರು, ಎಲೆಯ ಮುಂದೆ ಇದ್ದರೋ ಇಲ್ಲವೋ ಎಂದು ಕೇಳುವ ಹೊಣೆ ಯಾರ ಮೇಲೂ ಇರಲಿಲ್ಲ. ಕಲ್ಯಾಣದ ಬಾಗಿಲ ಪ್ರಸಂಗಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ಯಾವ ಟೀಕಾಕಾರನೂ ಬರೆಯಲಾರನು.

ಹಲಗೂರಿನ ಭಾಗ ಇದಕ್ಕಿಂತ ಕಠಿನವಾದುದು. ಕಾವ್ಯದ ಶಿಖರವೂ ಅದೇ. ಗುರುವಿನ ಅಪ್ಪಣೆಯಂತೆ ಸಿದ್ದಪ್ಪಾಜಿಯು ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆಯನ್ನು ಬೇಡಲು ಹೋಗುತ್ತಾನೆ. ಬೇಡುವ ವಸ್ತು ಅನ್ನವಲ್ಲ, ಹೊನ್ನಲ್ಲ, ಕಬ್ಬಿಣ. ಹೋಗುವ ಸ್ಥಳ ಅರಮನೆಯಲ್ಲ, ಗುಡಿಯಲ್ಲ, ತಿದಿಯೂ ಅಡಿಗಲ್ಲೂ ಇಕ್ಕಳವೂ ಇರುವ ಕುಲುಮೆ. ನಿರಾಕರಿಸುವವರು ಪರಜಾತಿಯವರಲ್ಲ, ಅವನು ಹುಟ್ಟಿದ ಕುಲದವರೇ. ಕುಲದ ಕಸುಬನ್ನು ಬಲ್ಲವನೊಬ್ಬ ಕುಲವಿಲ್ಲದ ಗುರುವಿನ ಆಳಾಗಿ ಬಂದುದನ್ನು ಅವರು ಸಹಿಸಲಾರರು. ಅವರು ಒಡ್ಡಿದ ಪರೀಕ್ಷೆಗಳನ್ನೆಲ್ಲ ಗೆದ್ದ ಮೇಲೆ ಕಬ್ಬಿಣ ದೊರೆಯುತ್ತದೆ. ಪವಾಡವೆಂದು ಇದನ್ನು ಪಕ್ಕಕ್ಕಿಡುವ ವಿಮರ್ಶಕರು ಒಂದು ಅಂಶವನ್ನು ಮರೆಯುತ್ತಾರೆ: ಕೆಲಸಗಾರನ ಯೋಗ್ಯತೆಯನ್ನು ಅವನ ಕೆಲಸದಿಂದ ಅಳೆಯದೆ, ಬೇರೆ ಯಾರಿಗೂ ಒಡ್ಡದ ಪರೀಕ್ಷೆಗಳನ್ನು ಅವನಿಗೆ ಒಡ್ಡುವುದೇ ಕಾರ್ಖಾನೆ ಕಚೇರಿಗಳಲ್ಲಿ ಬಹಿಷ್ಕಾರವು ತಾಳುವ ರೂಪ. ಪಾಂಚಾಳರು ಬಾಯಲ್ಲಿ ಇಲ್ಲವೆನ್ನುವುದಕ್ಕಿಂತ ಹೆಚ್ಚಾಗಿ ಪರೀಕ್ಷೆಯಿಂದ ಇಲ್ಲವೆನ್ನುತ್ತಾರೆ. ಅವರ ಕುಲುಮೆಯಲ್ಲಿ ಇದು ಹೊರನೋಟಕ್ಕೆ ನ್ಯಾಯದಂತೆಯೇ ಕಾಣುತ್ತದೆ.

ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಈ ಎರಡು ಬಾಗಿಲುಗಳೂ ಒಂದೇ ದಶಕದಲ್ಲಿ ವಾದಕ್ಕೆ ಬಂದವು. ಪಂಚಮರೆಂದು ಆಗ ಕರೆಯಿಸಿಕೊಂಡವರ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿದ್ದವು. 1910ರ ದಶಕದಲ್ಲಿ ಸರ್ಕಾರದ ಸಾಮಾನ್ಯ ಶಾಲೆಗಳನ್ನು ಆ ಮಕ್ಕಳಿಗೂ ತೆರೆಯಲು ಹೊರಟಾಗ ಮೇಲುಜಾತಿಯ ತಾಯಿತಂದೆಗಳಲ್ಲಿ ಹಲವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡರು. ಉದ್ಯೋಗಗಳ ವಿಚಾರವನ್ನು ನೋಡಲು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಮೆಯಿಲ್ಲದಂತೆ ಬ್ರಾಹ್ಮಣೇತರರು ಬರಬೇಕೆಂದು ಅದು ಸೂಚಿಸಿತು. 1921ರಲ್ಲಿ ಸರ್ಕಾರದ ಆಜ್ಞೆಯಾಯಿತು. ಆ ಕಾಲದಲ್ಲಿ ‘ಯೋಗ್ಯತೆ’ ಎಂಬ ಶಬ್ದವನ್ನು ಹಿಡಿದು ನಡೆದ ಚರ್ಚೆಗೂ ಹಲಗೂರಿನ ಪಾಂಚಾಳರ ವಾದಕ್ಕೂ ಇರುವ ಹೋಲಿಕೆ ಬಣ್ಣಿಸಬೇಕಾದುದಿಲ್ಲ. ಸಂಸ್ಕೃತ ಪಾಠಶಾಲೆಗಳ ಪರಂಪರೆಯೂ ಈ ವಿಷಯದಲ್ಲಿ ನಿರ್ದೋಷವಾದುದಲ್ಲ. ‘ಅಧಿಕಾರಿ’ಯ ಲಕ್ಷಣವನ್ನು ಶಾಸ್ತ್ರದಲ್ಲಿ ಜಿಜ್ಞಾಸೆಯಿಂದ ಹೇಳಿ ವ್ಯವಹಾರದಲ್ಲಿ ಜನ್ಮದಿಂದ ನೋಡಿದ್ದು ಅಲ್ಲಿಯೇ.

ಬಾಗಿಲು ತೆರೆಯುವ ಆಜ್ಞೆಗೂ ಹಣಕ್ಕೂ ಇರುವ ಸಂಬಂಧವನ್ನು ಅಮೆರಿಕದ ಚರಿತ್ರೆ ಸ್ಪಷ್ಟಪಡಿಸುತ್ತದೆ. ಕರಿಯರ ಬಿಳಿಯರ ಮಕ್ಕಳಿಗೆ ಬೇರೆ ಬೇರೆ ಶಾಲೆಗಳಿರುವುದು ಅಸಮವೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು 1954ರ ಮೇ 17ರಂದು ತೀರ್ಪಿತ್ತಿತು; ಮಕ್ಕಳ ಮನಸ್ಸನ್ನು ಕುರಿತ ಸಂಶೋಧನೆಗಳನ್ನು ತೀರ್ಪಿನ ಅಡಿಟಿಪ್ಪಣಿಯಲ್ಲಿ ಸ್ಮರಿಸಿತು. ಆದರೂ ದಕ್ಷಿಣದ ರಾಜ್ಯಗಳಲ್ಲಿ ಹತ್ತು ವರ್ಷ ಬಹುಮಟ್ಟಿಗೆ ಏನೂ ಕದಲಲಿಲ್ಲ. ಭೇದವೆಣಿಸುವ ಸಂಸ್ಥೆಗೆ ಕೇಂದ್ರದ ಹಣವಿಲ್ಲವೆಂದು 1964ರ ನಾಗರಿಕ ಹಕ್ಕುಗಳ ಶಾಸನ ವಿಧಿಸಿದ ಮೇಲೆ, ಮರುವರ್ಷ ಶಾಲೆಗಳಿಗೆ ಕೇಂದ್ರದಿಂದ ಹೆಚ್ಚಿನ ಧನಸಹಾಯ ಬರತೊಡಗಿದ ಮೇಲೆ, ಬಾಗಿಲುಗಳು ತೆರೆಯತೊಡಗಿದವು. 1972ರಲ್ಲಿ ಶಾಲೆಗಳನ್ನು ಕೂಡಿಸುವುದಕ್ಕೆಂದೇ ಪ್ರತ್ಯೇಕ ಧನವನ್ನು ಒದಗಿಸಿದರು. 1981ರಲ್ಲಿ ಅದನ್ನು ಬೇರೆ ಅನುದಾನಗಳೊಡನೆ ಬೆರೆಸಿಬಿಟ್ಟರು. ಬೆರೆಸಿದ ಹಣ ಹೇಗೆ ಕಣ್ಮರೆಯಾಗುತ್ತದೆಂಬುದನ್ನು 7ನೆಯ ಪ್ರಕರಣವನ್ನು ಕಂಡ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಇನ್ನು ಕಾವ್ಯವು ತಾನೇ ಶಾಲೆಯ ಬಾಗಿಲಿಗೆ ಬಂದ ಕಥೆ. ಪಂಪಭಾರತವನ್ನು ಬಿ. ಎಲ್. ರೈಸ್ ಅವರು 1898ರಲ್ಲಿ ಸರ್ಕಾರದ ಆಶ್ರಯದಲ್ಲಿ ಅಚ್ಚುಹಾಕಿಸಿದರು. ನೀಲಗಾರರ ಕಾವ್ಯವು ವಿದ್ವಾಂಸರ ಲೇಖನಿಗೆ ಸಿಕ್ಕಲು ಅರ್ಧ ಶತಮಾನಕ್ಕೂ ಮೀರಿ ಕಾಯಬೇಕಾಯಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪಿತವಾದ ಮೇಲೆ ಜಾನಪದವು ಪಾಠ್ಯವಿಷಯವಾಗಿ ಬೆಳೆಯಿತು. ಮಂಡ್ಯ ಜಿಲ್ಲೆಯವರೇ ಆದ ಎಚ್. ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತನ್ನು ಕಟ್ಟಿದರು. ಈ ಮಹನೀಯರ ಶ್ರಮವಿಲ್ಲದಿದ್ದರೆ ಕಾವ್ಯದ ಎಷ್ಟೋ ಭಾಗ ಹಾಡುವವರೊಂದಿಗೇ ಮಣ್ಣಾಗುತ್ತಿದ್ದಿತು. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಪಂಚಮಶಾಲೆಗಳಿಂದಲೂ ಹೀಗೆಯೇ ಉಪಕಾರವಾಯಿತು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದ ಸಿದ್ದಲಿಂಗಯ್ಯನವರಿಂದ ಕನ್ನಡಕ್ಕೆ ದೊರೆತುದನ್ನು ನೆನೆದರೆ ಪ್ರತ್ಯೇಕ ಹಣವೂ ಪ್ರತ್ಯೇಕ ಸ್ಥಳವೂ ವ್ಯರ್ಥವೆಂದು ಯಾರು ಹೇಳಿಯಾರು? ಆದರೆ ಹಾಸ್ಟೆಲಿನಲ್ಲಿದ್ದ ಹುಡುಗನು ಕಲಿತದ್ದು ಎಲ್ಲರ ಕಾಲೇಜಿನಲ್ಲಿ, ಎಲ್ಲರೊಡನೆ ಕುಳಿತು. ಮಂಟೇಸ್ವಾಮಿಯ ಕಾವ್ಯಕ್ಕೆ ಹಾಸ್ಟೆಲು ದೊರೆಯಿತು, ಕಾಲೇಜು ಇನ್ನೂ ಪೂರ್ತಿಯಾಗಿ ದೊರೆತಿಲ್ಲ. ಕಾವ್ಯಮೀಮಾಂಸೆಯ ತರಗತಿಯಲ್ಲಿ ರಸಧ್ವನಿಗಳಿಗೆ ಉದಾಹರಣೆ ಬೇಕಾದಾಗ ಪಂಪ ರನ್ನ ಕುಮಾರವ್ಯಾಸರನ್ನು ತೆಗೆಯುವ ಅಧ್ಯಾಪಕರು, ನೀಲಗಾರನನ್ನು ‘ಜಾನಪದ’ವೆಂಬ ಬೇರೆ ಮಣೆಯ ಮೇಲೆ ಕುಳ್ಳಿರಿಸಿ ಅಲ್ಲಿಯೇ ಬಡಿಸುತ್ತಾರೆ. ಇದು ಪಂಕ್ತಿಭೇದವಲ್ಲದೆ ಮತ್ತೇನು?

ಇದಕ್ಕೆ ಪೂರ್ವಪಕ್ಷವುಂಟು. ಒಂದೇ ಪಾಠವಿಲ್ಲದ, ಹಾಡಿದಂತೆಲ್ಲ ಬದಲಾಗುವ ಕೃತಿಗೆ ಶಾಸ್ತ್ರೀಯ ವಿಮರ್ಶೆ ಹೇಗೆ ಸಾಧ್ಯವೆಂದು ಕೇಳುತ್ತಾರೆ. ಪಾಠಬಾಹುಳ್ಯವೇ ಅನರ್ಹತೆಯಾದರೆ ಮಹಾಭಾರತವನ್ನೂ ತರಗತಿಯಿಂದ ಹೊರಗೆ ಕಳುಹಿಸಬೇಕಾಗುತ್ತದೆ. ಪುಣೆಯ ಭಂಡಾರ್ಕರ್ ಸಂಸ್ಥೆಯವರು 1919ರಲ್ಲಿ ಆರಂಭಿಸಿ 1966ರವರೆಗೆ ನಾನಾ ಲಿಪಿಗಳ ಹಸ್ತಪ್ರತಿಗಳನ್ನು ತಾಳೆನೋಡಿ ಅದರ ಪರಿಷ್ಕರಣವನ್ನು ಮುಗಿಸಿದರು. ಅದಕ್ಕೆ ಸರ್ಕಾರಗಳಿಂದಲೂ ಹಣ ಬಂದಿತು. ಹಸ್ತಪ್ರತಿಗಳ ನಡುವಣ ಭೇದಕ್ಕೆ ಅಷ್ಟು ತಾಳ್ಮೆಯೂ ಧನವೂ ಸಲ್ಲಬಹುದಾದರೆ ಕಂಠಗಳ ನಡುವಣ ಭೇದಕ್ಕೆ ಏಕೆ ಸಲ್ಲದು? ಗ್ರಾಮ್ಯತೆಯ ಆಕ್ಷೇಪಕ್ಕೆ ಉತ್ತರ ಹಳೆಯದು: ವಕ್ತೃವಿನ ಔಚಿತ್ಯದಿಂದ ದೋಷವೂ ಗುಣವಾಗುವುದೆಂದು ಆಲಂಕಾರಿಕರೇ ಒಪ್ಪಿದ್ದಾರೆ. ಬಾಗಿಲು ಕಾಯುವವನ ಬೈಗುಳು ಬೈಗುಳಾಗಿಯೇ ಇರಬೇಕು. ಅದನ್ನು ತಿದ್ದಿ ಮೃದುವಾಗಿಸಿದ ಶಾಲೆಯ ಪಾಠವು ಕಾವಲುಗಾರನನ್ನು ರಕ್ಷಿಸಿದಂತಾಗುತ್ತದೆಯೇ ಹೊರತು ಮಕ್ಕಳನ್ನಲ್ಲ. ಕವಿರಾಜಮಾರ್ಗಕಾರನಂತೂ ಚತ್ತಾಣ ಬೆದಂಡೆಗಳಂಥ ದೇಸಿಯ ಪ್ರಕಾರಗಳನ್ನು ಲಕ್ಷಣಗ್ರಂಥದೊಳಕ್ಕೆ ಬಿಟ್ಟುಕೊಂಡವನು. ಒಂಬತ್ತನೆಯ ಶತಮಾನದ ಅರಮನೆಗೆ ಇದ್ದ ಔದಾರ್ಯ ಇಪ್ಪತ್ತೊಂದನೆಯ ಶತಮಾನದ ಪಠ್ಯಸಮಿತಿಗಳಿಗೆ ಇರಬಾರದೆ?

ಪಂಕ್ತಿಯೆಂಬ ಮಾತು ಇಲ್ಲಿ ಬರಿಯ ರೂಪಕವೂ ಅಲ್ಲ. ಸಿದ್ದಪ್ಪಾಜಿಯ ಗದ್ದುಗೆಯಿರುವ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಪುಷ್ಯ ಹುಣ್ಣಿಮೆಯಿಂದ ನಡೆಯುವ ಜಾತ್ರೆಯಲ್ಲಿ ಪಂಕ್ತಿಸೇವೆಯೆಂಬುದೊಂದುಂಟು. ಬೇರೆ ಬೇರೆ ಜಾತಿಗಳ ಒಕ್ಕಲು ಬಾಡಿನಡಿಗೆ ಮಾಡಿ ಸಾಲಾಗಿ ಕುಳಿತು ಉಣ್ಣುತ್ತಾರೆ. ಶ್ರೋತ್ರಿಯರ ಪಂಕ್ತಿಯು ಯಾರನ್ನು ಹೊರಗಿಡಬೇಕೆಂಬುದರಿಂದ ಪಾವನವಾದರೆ ಈ ಪಂಕ್ತಿಯು ಯಾರನ್ನೂ ಹೊರಗಿಡದಿರುವುದರಿಂದ ಸೇವೆಯಾಗುತ್ತದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ ನೆರೆದಾಗ, ಮಳಿಗೆಗಳಲ್ಲಿ ಮಾಂಸಾಹಾರವನ್ನು ಮದ್ಯ ಹೊಗೆಸೊಪ್ಪುಗಳ ಸಾಲಿನಲ್ಲಿ ಸೇರಿಸಿ ನಿಷೇಧಿಸಿದ ಸೂಚನೆಗೆ ಜಿಲ್ಲೆಯ ಜನ ಪ್ರತಿಭಟಿಸಿದುದನ್ನು ಕೆಲವರು ನಾಲಗೆಯ ಚಪಲವೆಂದರು. ಸರ್ಕಾರದ ಹಣದಿಂದ ಹಾಕಿದ ಎಲೆಯ ಮುಂದೆ ಯಾರ ಊಟ ಊಟವೆನಿಸಿಕೊಳ್ಳಬೇಕೆಂಬ ಪ್ರಶ್ನೆಯನ್ನು ಮಂಟೇಸ್ವಾಮಿಯ ನಾಡು ಅಂದು ಹೊಸದಾಗಿ ಕೇಳಿದುದಲ್ಲ. ಕಲ್ಯಾಣದ ಬಾಗಿಲಲ್ಲಿಯೇ ಅದನ್ನು ಕೇಳಿಯಾಗಿತ್ತು.

ಆದುದರಿಂದ ಮುಂದಿನ ಪರಿಷ್ಕರಣಕ್ಕೆ ಸಾರ್ವಜನಿಕ ಧನವು ದೊರೆಯುವುದಾದರೆ ಅದು ಕೇವಲ ಧ್ವನಿಮುದ್ರಣಕ್ಕೆ ವೆಚ್ಚವಾಗಿ ನಿಲ್ಲಬಾರದು. ಹಾಡಿದವರ ಹೆಸರು ಸಂಪಾದಕರ ಹೆಸರಿನ ಸಾಲಿನಲ್ಲಿಯೇ ಮುಖಪುಟದ ಮೇಲೆ ಬರಬೇಕು. ಗೌರವಧನ ಇಬ್ಬರಿಗೂ ಒಂದೇ ಪ್ರಮಾಣದಲ್ಲಿರಬೇಕು. ನೀಲಗಾರರು ಪಾಠಾಂತರಗಳ ನಿರ್ಣಯದಲ್ಲಿ ಕೂಡಿ ಕುಳಿತುಕೊಳ್ಳಬೇಕು. ತಾಳೆನೋಡುವ ಕೆಲಸವನ್ನು ಹಲಗೂರಿನ ಭಾಗದಿಂದ ಆರಂಭಿಸುವುದು ಲೇಸು. ಅಲ್ಲಿ ಬರುವ ಕುಲುಮೆಯ ಶಬ್ದಗಳ ಅರ್ಥವನ್ನು ನಿಘಂಟಿನಿಂದ ತೆಗೆಯುವುದಕ್ಕಿಂತ ಕಮ್ಮಾರರಿಂದ ಕೇಳಿ ತಿಳಿಯುವುದು ಸುಲಭ. ಆದರೆ ಊರೂರಿನ ಕುಲುಮೆಗಳು ಒಂದೊಂದಾಗಿ ಆರುತ್ತಿರುವುದರಿಂದ ಈ ಸೌಲಭ್ಯ ಬಹುಕಾಲ ಉಳಿಯುವಂತಿಲ್ಲ.