ಕೆರೆಯೂರುಗಳ ಚರಿತ್ರೆಯೂ ರಾಜವಂಶಗಳ ಚೌಕಟ್ಟೂ
(ದೇವರಾಯಸಮುದ್ರವನ್ನು ಕುರಿತು ಒಂದು ವಿಮರ್ಶೆ)

ಒಂದು ನಾಡು ಎಂದು ಯಾರ ವಶವಾಯಿತೆಂಬುದು ಒಂದು ಪ್ರಶ್ನೆ. ಆ ನಾಡಿನಲ್ಲಿ ಜನರು ಹೇಗೆ ನೆಲೆಸಿದರೆಂಬುದು ಬೇರೆ ಪ್ರಶ್ನೆ. ಕೋಲಾರ ಸೀಮೆಯ ಚರಿತ್ರೆಯನ್ನು ಬರೆಯುವಾಗ ಮೊದಲನೆಯದಕ್ಕೆ ಉತ್ತರವಿತ್ತು, ಎರಡನೆಯದಕ್ಕೂ ಉತ್ತರವಿತ್ತೆವೆಂದು ಭಾವಿಸುವ ರೂಢಿಯುಂಟು. ಕೋಲಾರಕ್ಕೂ ಮುಳಬಾಗಿಲಿಗೂ ನಡುವೆ ಇರುವ ದೇವರಾಯಸಮುದ್ರವನ್ನು ನಿದರ್ಶನವಾಗಿಟ್ಟುಕೊಂಡು ಈ ರೂಢಿಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟವು ಈ ಅಧ್ಯಯನಕ್ಕೆ ತಳಹದಿ. ಆ ಪರಿಶ್ರಮಕ್ಕೆ ನಾವೆಲ್ಲರೂ ಋಣಿಗಳು. ಆದರೆ ಗ್ರಂಥದ ರಚನೆಯಲ್ಲಿಯೇ ಎರಡು ದಾರಿಗಳಿವೆ. ಶಾಸನಪಾಠಗಳನ್ನು ತಾಲ್ಲೂಕುಗಳ ಪ್ರಕಾರ, ಪ್ರತಿಯೊಂದೂ ದೊರೆತ ಊರನ್ನು ಹೆಸರಿಸಿ, ಜೋಡಿಸಿದೆ. ಪೀಠಿಕೆಯಾದರೋ ಬಾಣ, ಗಂಗ, ನೊಳಂಬ, ಚೋಳ, ಹೊಯ್ಸಳ, ವಿಜಯನಗರ ಎಂಬ ವಂಶಕ್ರಮವನ್ನು ಹಿಡಿದಿದೆ. ಮುಂದಿನವರು ಪೀಠಿಕೆಯನ್ನು ಅನುಸರಿಸಿದರು. ಪಾಠಗಳು ತೋರಿದ ದಾರಿಯನ್ನು ಬಿಟ್ಟರು. ವಂಶ ಬದಲಾದೊಡನೆ ಊರೂ ಬದಲಾಯಿತೆಂಬ ಭ್ರಮೆ ಹುಟ್ಟಿದುದು ಹೀಗೆ.

ಶಾಸನಗಳು ಇದನ್ನು ಸಮರ್ಥಿಸುವುದಿಲ್ಲ. ಚೋಳರ ಆಳ್ವಿಕೆಯೊಡನೆ ಈ ಸೀಮೆಯಲ್ಲಿ ತಮಿಳು ಶಾಸನಗಳು ಹೆಚ್ಚಿದವು. 1116ರ ಸುಮಾರಿಗೆ ವಿಷ್ಣುವರ್ಧನನು ತಲಕಾಡನ್ನು ಗೆದ್ದು ಚೋಳರನ್ನು ಹಿಮ್ಮೆಟ್ಟಿಸಿದ ಮೇಲೆಯೂ ಅವು ನಿಲ್ಲಲಿಲ್ಲ. 13ನೆಯ ಶತಮಾನದ ಉತ್ತರಾರ್ಧದಲ್ಲಿ, ಹೊಯ್ಸಳ ರಾಮನಾಥನ ಕಾಲದಲ್ಲಿ ಸಹ, ಇಲ್ಲಿ ತಮಿಳಿನಲ್ಲಿ ಶಾಸನಗಳನ್ನು ಬರೆಯಿಸುತ್ತಿದ್ದರು. ಪ್ರಭುತ್ವ ಹೋಯಿತು, ನೆಲೆಸಿದ ಜನ ಹೋಗಲಿಲ್ಲ.

ಊರನ್ನು ನೆಲೆಗೊಳಿಸಿದವರು ಯಾರು? ಮುಳಬಾಗಿಲು ತಾಲ್ಲೂಕಿನ ಆವನಿಯ ಶಾಸನವೊಂದು ತ್ರಿಭುವನಕರ್ತಾರದೇವನೆಂಬ ಯತಿಯು 961ರಲ್ಲಿ ತೀರಿಕೊಂಡನೆಂದೂ, 40 ವರ್ಷ ಆ ಸ್ಥಾನವನ್ನಾಳಿ 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದೂ ಹೇಳುತ್ತದೆ. ವಂಶಾವಳಿಯಲ್ಲಿ ಇವನಿಗೆ ಎಡೆಯಿಲ್ಲ. ವಸತಿಯ ಚರಿತ್ರೆಯಲ್ಲಿ ಇವನು ಅರಸರಿಗಿಂತ ಕಡಮೆಯವನಲ್ಲ.

ಇನ್ನು ದೇವರಾಯಸಮುದ್ರ. ಈ ಹೆಸರನ್ನು ಕಂಡೊಡನೆ ವಿಜಯನಗರದ ಅಧ್ಯಾಯಕ್ಕೆ ಅದನ್ನು ಸೇರಿಸಿ ಮುಂದೆ ಸಾಗುವುದು ಸುಲಭ. ಮುಳಬಾಗಿಲು ಆಗ ಒಂದು ರಾಜ್ಯದ ಕೇಂದ್ರ. ಕುಮಾರ ಕಂಪಣನು ದಕ್ಷಿಣದ ದಂಡಯಾತ್ರೆಗೆ ಹೊರಟುದು ಅಲ್ಲಿಂದ. ‘ಶಿವತತ್ತ್ವ ಚಿಂತಾಮಣಿ’ಯ ಕರ್ತೃ ಲಕ್ಕಣ್ಣ ದಂಡನಾಯಕನು ಇಮ್ಮಡಿ ದೇವರಾಯನ ಕಾಲದಲ್ಲಿ ಆ ಸೀಮೆಯನ್ನಾಳಿದನು. ಆದರೆ ಹೆಸರಿನ ಉತ್ತರಾರ್ಧವನ್ನೂ ಓದಬೇಡವೆ? ‘ಸಮುದ್ರ’ವೆಂದರೆ ಇಲ್ಲಿ ಕೆರೆ. ಪೂರ್ವಾರ್ಧವು ಅರಸನ ಕೀರ್ತಿಯನ್ನು ಹೇಳಿದರೆ, ಉತ್ತರಾರ್ಧವು ಊರು ಏತರಿಂದ ಬದುಕಿತೆಂಬುದನ್ನು ಹೇಳುತ್ತದೆ. ಕೆರೆ ಕಟ್ಟಿದವನಿಗೆ ಬಿಟ್ಟ ಕಟ್ಟುಕೊಡಗೆ, ಅದರ ಪೋಷಣೆಗೆ ಬಿಟ್ಟ ಬಿತ್ತುವಟ್ಟ, ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರು ಹಂಚುವ ನೀರಗಂಟಿ, ಇವುಗಳೇ ವಸತಿಯ ನಿಜವಾದ ಅಂಗಗಳು. ಕಾಲನಿರ್ಣಯಕ್ಕೆ ವಂಶಗಳು ಬೇಕೇ ಬೇಕು. ಆದರೆ ಅಳತೆಗೋಲು ಅಳೆಯುವ ವಸ್ತುವಾಗಲಾರದು.

ವಂಶಕ್ರಮಕ್ಕೆ ಬೇಸತ್ತವರನ್ನು ಇನ್ನೊಂದು ಚೌಕಟ್ಟು ಸೆಳೆಯುತ್ತದೆ: ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫ್ರೆಡೆರಿಕ್ ಜ್ಯಾಕ್ಸನ್ ಟರ್ನರ್ 1893ರಲ್ಲಿ ಮಂಡಿಸಿದ, ಪಶ್ಚಿಮಕ್ಕೆ ಸರಿಯುತ್ತ ಹೋದ ವಸತಿಯ ಗಡಿಯೇ ಆ ದೇಶವನ್ನು ರೂಪಿಸಿತೆಂಬ ವಾದ. ಅದು ಬರಿದಾದ ನೆಲವನ್ನು ಕಲ್ಪಿಸಿಕೊಂಡಿತು. ಅಲ್ಲಿ ಮೊದಲೇ ಇದ್ದ ಮೂಲನಿವಾಸಿಗಳನ್ನು ಬದಿಗಿಟ್ಟಿತು. 1785ರ ಕಾನೂನು ಅಲ್ಲಿ ಆರಾರು ಮೈಲಿಯ ಚೌಕಗಳಾಗಿ ನೆಲವನ್ನು ಅಳೆದು ಮಾರಲು ಏರ್ಪಡಿಸಿತು. ಇಲ್ಲಿ ಊರಿನ ಎಲ್ಲೆಯನ್ನು ಹಾಕಿದುದು ಹಳ್ಳದ ಇಳಿಜಾರು. ಪಾಲಾರ್ ಜಲಾನಯನದಲ್ಲಿ ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಒಳಹರಿವು. ಆದುದರಿಂದ ಯಾವ ಊರೂ ಒಂಟಿಯಾಗಿ ನೆಲೆಸಲಿಲ್ಲ.

ಇದು ಪಂಡಿತರ ಚರ್ಚೆ ಮಾತ್ರವಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲಾಗಿದೆ. ಕೆರೆಯನ್ನು ಕೇವಲ ತುಂಬಿಸಬೇಕಾದ ಹೊಂಡವೆಂದು ಕಾಣುವ ದೃಷ್ಟಿಗೂ, ಊರಿನ ಹೆಸರಿನಲ್ಲಿ ಅರಸನನ್ನು ಮಾತ್ರ ಓದುವ ದೃಷ್ಟಿಗೂ ನಂಟುಂಟೆಂದು ನಮಗೆ ತೋರುತ್ತದೆ. ಎರಡೂ ಕಡೆ ಮರೆತುಹೋದುದು ಕೆರೆಯನ್ನು ಉಳಿಸಿದವರ ಹಕ್ಕು ಮತ್ತು ಹೊಣೆ. ನಮ್ಮ ವಿಭಾಗದ ಅಭ್ಯಾಸಿಗಳು ಮುಂದೆ ಗ್ರಾಮಚರಿತ್ರೆಯನ್ನು ಕೈಗೊಂಡಾಗ, ಆ ಸಂಪುಟದ ಪೀಠಿಕೆಯಿಂದಲ್ಲ, ಊರೂರಿನ ಪಾಠಗಳಿಂದ ತೊಡಗಲಿ. ಶಾಸನದ ಕಲ್ಲನ್ನು ಓದಿದ ಮೇಲೆ ಏರಿಯ ಮೇಲೆ ನಡೆದು ತೂಬನ್ನೂ ಕೋಡಿಯನ್ನೂ ಗುರುತಿಸಲಿ.